ಗಂಗವ್ವನ ಕೊಡದ ಮೇಲಿನ ಅಕ್ಷರ

ಒಂದೇ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದವನಿಗೆ ಆ ಕೆಲಸ ತನಗೆ ಬರುತ್ತದೆ ಎಂಬ ಭ್ರಮೆ ಹುಟ್ಟಿಬಿಡುತ್ತದೆ. ಗದಗಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಕಾರ್ಡು, ಕ್ಯಾಲೆಂಡರು, ಪರೀಕ್ಷೆಯ ಗೈಡುಗಳಿಗೆ ಅಕ್ಷರ ಜೋಡಿಸುವ ನನಗೂ ಹಾಗೇ ಆಗಿತ್ತು. ಅಂಗಡಿ ಬೋರ್ಡು ನೋಡಿದರೆ ಅಂಗಡಿ ಯಾವುದೆಂದು ಓದುವ ಮೊದಲು ಫಾಂಟ್ ಯಾವುದೆಂದು ಹೇಳುವ ಚಟ ನನ್ನದು. ಒಮ್ಮೆ ಮುಂಡರಗಿಯಲ್ಲಿ ಹೀಗೇ ಬೋರ್ಡಿನ ಅಕ್ಷರವನ್ನು ಮೆಚ್ಚುತ್ತ ಒಳಗೆ ಹೋಗಿ ಕುರ್ಚಿಯಲ್ಲಿ ಒರಗಿದೆ. ಡಾಕ್ಟರರು ಬಂದು “ಬಾಯಿ ತೆಗೀರಿ, ಯಾವ ಹಲ್ಲು?” ಎಂದಾಗಲೇ ಅದು ಕಟಿಂಗ್ ಅಂಗಡಿಯಲ್ಲ ಎಂದು ಗೊತ್ತಾದದ್ದು.

ಇಂಥ ನನ್ನ ಮುಂದೆ ಹೆಂಡತಿ ಶಕುಂತಲಾ ಒಂದು ದಿನ ಮೊಬೈಲ್ ಹಿಡಿದಳು. ಬೆಟಗೇರಿಯಲ್ಲಿ ಕಟ್ಟಿಸಿದ ಹೊಸ ಮನೆಗೆ ತೀರಿಹೋದ ಅವಳ ತಾಯಿಯ ಹೆಸರಿಡುವುದೆಂದು ನಿಶ್ಚಯವಾಗಿತ್ತು: ‘ಗಂಗವ್ವ ನಿಲಯ’. ಬಾಗಿಲಿಗೆ ಹಿತ್ತಾಳೆಯ ಫಲಕ. ಗೃಹಪ್ರವೇಶಕ್ಕೆ ಇನ್ನು ಒಂಬತ್ತೇ ದಿನ. ಮೊಬೈಲಿನಲ್ಲಿ ಇದ್ದದ್ದು ನಮ್ಮ ಮಗಳ ಹುಟ್ಟುಹಬ್ಬದ ಹಳೆಯ ಫೋಟೋ. ಅವಳ ಬೆನ್ನ ಹಿಂದೆ, ಶಕುಂತಲಾಳ ತವರಿನಿಂದ ಬಂದ ಹಿತ್ತಾಳೆ ಕೊಡ. ಮಗಳ ಜಡೆ ಅಡ್ಡ ಬಂದು, ಕೊಡದ ಮೇಲಿನ ಹೆಸರಿನಲ್ಲಿ ‘ಗಂಗ’ ಎಂಬಷ್ಟೇ ಕಾಣುತ್ತಿತ್ತು.

“ನಮ್ಮವ್ವನ ಕೊಡದ ಮ್ಯಾಲ ಹೆಂಗಿತ್ತೋ ಹಂಗ ಅಕ್ಷರ ಬೇಕ್ರಿ,” ಎಂದಳು. “ಕೊಡಂತೂ ಹೋತು.”

ಕೊಡ ಎಲ್ಲಿಗೆ ಹೋಯಿತೆಂದು ಅವಳು ಹೇಳಲಿಲ್ಲ, ನಾನೇ ಹೇಳಬೇಕು. ಎರಡು ವರ್ಷದ ಹಿಂದೆ ಅವಳು ಊರಲ್ಲಿಲ್ಲದಾಗ, ಅಟ್ಟ ಸ್ವಚ್ಛ ಮಾಡುವ ಹುರುಪಿನಲ್ಲಿ ಅದನ್ನು ಪಾತ್ರೆ ಅಂಗಡಿಗೆ ಹಾಕಿ ಸ್ಟೀಲಿನ ಕುಕ್ಕರ್ ತಂದಿದ್ದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ! ಅವಳು ಜಗಳವಾಡಲಿಲ್ಲ. ಕುಕ್ಕರಿನ ಮುಂದೆ ಕೂತು ಅತ್ತಳು. ಅಂದಿನಿಂದ ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಈಗ ಎದೆ ಉಬ್ಬಿಸಿ, “ಇಷ್ಟ ಏನು? ನಾಳೆ ಸಂಜೀಕ ಫಾಂಟಿನ ಹೆಸರ ಹೇಳ್ತೀನಿ ನೋಡು,” ಎಂದುಬಿಟ್ಟೆ.

ಅಕ್ಷರಗಳೋ ಬಲು ವಿಚಿತ್ರ. ಚುಕ್ಕೆ ಚುಕ್ಕೆಯಾಗಿ ಮುತ್ತು ಪೋಣಿಸಿದಂತಿದ್ದವು. ಪ್ರತಿ ಗೆರೆಯೂ ನೆಟ್ಟಗೆ ಹೊರಟು, ನಡುವೆ ಯಾರೋ ಕರೆದಂತೆ ಹೊರಳಿ, ಮತ್ತೆ ದಾರಿಗೆ ಬರುತ್ತಿತ್ತು. ಪ್ರೆಸ್ಸಿನಲ್ಲಿದ್ದ ಫಾಂಟುಗಳಲ್ಲೆಲ್ಲ ‘ಗಂಗ’ ಎಂದು ಟೈಪಿಸಿ ನೋಡಿದೆ. ‘ಗ’ ಹೊಂದಿದರೆ ಸೊನ್ನೆ ಹೊಂದದು, ಸೊನ್ನೆ ಹೊಂದಿದರೆ ಬಳುಕಿಲ್ಲ. ಮುದ್ರಕರ ವಾಟ್ಸ್‌ಆ್ಯಪ್ ಗುಂಪಿಗೆ ಆ ಫೋಟೋ ಹಾಕಿದೆ. ಶಿರಹಟ್ಟಿಯವರೊಬ್ಬರು, ಇದು ಹಳೇ ಅಚ್ಚುಕೂಟದ ಸೀಸದ ಮೊಳೆ ಅಕ್ಷರವಿರಬೇಕು ಎಂದರು. ಇನ್ನೊಬ್ಬರು ಮಗಳಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದರು. ಅದನ್ನು ನೋಡಿ ಉಳಿದವರೆಲ್ಲ ಸಾಲಾಗಿ ಶುಭಾಶಯ ಹೇಳಿದರು. ಕಡೆಗೆ ಚಿತ್ರ ನೋಡಿ ಫಾಂಟ್ ಗುರುತಿಸುತ್ತದೆಂಬ ಒಂದು ಆ್ಯಪಿಗೆ ಒಪ್ಪಿಸಿದೆ. ಅದು ಗಿರಗಿರ ತಿರುಗಿ, ‘ಇಂಥ ಹಿತ್ತಾಳೆ ಕೊಡ ಕೊಳ್ಳುವಿರಾ?’ ಎಂದು ಹತ್ತು ಕೊಡ ತೋರಿಸಿತು. ನನ್ನ ಪಾಪ ಮೊಬೈಲಿಗೂ ಗೊತ್ತಾಯಿತಲ್ಲಪ್ಪಾ ಎಂದು ಗಾಬರಿಯಾಗಿ ಅದನ್ನು ಬೋರಲು ಹಾಕಿದೆ.

ಹೀಗೆ ಆರು ದಿನ ಕಳೆದವು. ತಲೆ ಚಿಟ್ಟು ಹಿಡಿದುಹೋಗಿತ್ತು. ತಾಟಿನಲ್ಲಿದ್ದ ಎಣ್ಣೆಗಾಯಿಯ ಬದನೆ ತೊಟ್ಟು ಸಹ ‘ಗ’ದ ಹಾಗೆ ಕಾಣತೊಡಗಿದಾಗ ಸೋಲೊಪ್ಪಿದೆ. “ಈ ಫಾಂಟ್ ಜಗತ್ತಿನಾಗ ಇಲ್ಲ,” ಎಂದೆ.

“ಫಾಂಟ್ ಎಲ್ಲಿಂದ ಬರ್ತೈತ್ರಿ?” ಎಂದಳು ಶಕುಂತಲಾ, ರೊಟ್ಟಿ ಬಡಿಸುತ್ತ. “ಅದನ್ನ ಬರದವರು ಲಕ್ಷ್ಮೇಶ್ವರದ ಭಾಂಡೆ ಅಂಗಡಿ ಹೊನ್ನಪ್ಪಣ್ಣ. ಕೈಯಾಗ ಮಷೀನ್ ಹಿಡಕೊಂಡು ಹೆಸರ ಹಾಕ್ತಿದ್ರು. ಇನ್ನೂ ಅಂಗಡಿಯಾಗ ಕುಂಡರ್ತಾರ.”

“ಮೊದಲ ಯಾಕ ಹೇಳಲಿಲ್ಲ?”

“ನೀವೆಲ್ಲಿ ಕೇಳಿದ್ರಿ? ನಾಳೆ ಸಂಜೀಕ ಹೇಳ್ತೀನಿ ಅಂದ್ರಿ. ನಾ ದಿನಾ ಸಂಜೀಕ ಕಾಯಾಕತ್ತೀನಿ.”

ಮರುದಿನವೇ ಖಾಲಿ ಫಲಕವನ್ನು ಚೀಲದಲ್ಲಿಟ್ಟುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಪಾತ್ರೆ ಅಂಗಡಿಯಲ್ಲಿ ಕೂತಿದ್ದ ವಯಸ್ಸಾದ ಹೊನ್ನಪ್ಪ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, “ಖರೆ, ನಂದ ಐತಿ,” ಎಂದರು. ಆ ಬಳುಕು, ಆ ಹೊರಳು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ನಾನು ಕೈ ಮುಗಿದೆ.

“ಕಲಿಯೂದೇನು ಬಂತ್ರಿ? ಆಗ ನಮ್ಮ ಮೇಜಿನ ಒಂದು ಕಾಲು ಗಿಡ್ಡ ಇತ್ತು. ಬರಿಯಾಕ ಕುಂತ್ರ ಅಲಗಾಡತಿತ್ತು. ಈಗ ಮಗ ಕಬ್ಬಿಣದ ಮೇಜು ಮಾಡಿಸ್ಯಾನ. ನೋಡ್ರಿ, ಹೆಂಗ ನೆಟ್ಟಗ ಬರ್ತೈತಿ!” ಎನ್ನುತ್ತ ಒಂದು ತಾಟಿನ ಮೇಲೆ ಬರೆದು ತೋರಿಸಿದರು. ಅಯ್ಯೋ, ಗೆರೆ ಎಳೆದಷ್ಟು ನೆಟ್ಟಗಿತ್ತು.

ಬೇರೆ ದಾರಿ ಕಾಣದೆ ಕೊಡದ ಕಥೆಯನ್ನು ಪೂರ್ತಿ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅತ್ತಿ ಕೊಡ ಹಾಕಿ ಕುಕ್ಕರ್ ತಂದ್ರಿ?” ಎಂದರು. ಆಮೇಲೆ ಮೂಲೆಯಲ್ಲಿದ್ದ ಮರದ ಸ್ಟೂಲ್ ಎಳೆದು, ಫಲಕವನ್ನು ಅದರ ಮೇಲಿಟ್ಟು, “ಹಿಡೀರಿ. ನಾ ಬರೀತೀನಿ, ನೀವು ಅಲಗಾಡಸ್ರಿ,” ಎಂದರು. ಅಕ್ಷರ ಕೂದಲೆಳೆಯಷ್ಟು ಸರಿದರೂ ಸಿಡುಕುವ ನಾನು ನೆಲದ ಮೇಲೆ ಮಂಡಿಯೂರಿ ಸ್ಟೂಲ್ ಅಲುಗಾಡಿಸಿದೆ. ಒಮ್ಮೆ ಉತ್ಸಾಹ ಹೆಚ್ಚಾದಾಗ, “ಹಗೂರಕ್ರಿ! ಹಿರೇ ಜೀವದ ಹೆಸರ ಐತಿ,” ಎಂದು ಗದರಿದರು.

ಸಂಜೆ ಫಲಕವನ್ನು ಶಕುಂತಲಾಳ ಕೈಗೆ ಕೊಟ್ಟೆ. ಒಂದೊಂದೇ ಅಕ್ಷರವನ್ನು ಬೆರಳಿನಿಂದ ಸವರಿದಳು. ಕಣ್ಣು ತುಂಬಿ ಬಂದವು. “ಥೇಟ್ ನಮ್ಮವ್ವನ ಕೊಡದಂಗ ಐತ್ರಿ,” ಎಂದಳು. ಎರಡು ವರ್ಷದಿಂದ ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ಅಷ್ಟರಲ್ಲಿ ಅವಳ ಬೆರಳು ಕೊನೆಯ ‘ಯ’ದ ಮೇಲೆ ನಿಂತಿತು.

“ಇದೊಂದು ಯಾಕ್ರಿ ನಿಮ್ಮ ಪ್ರೆಸ್ಸಿನ ಅಕ್ಷರದಂಗ ನೆಟ್ಟಗ ಐತಿ? ಹೊನ್ನಪ್ಪಣ್ಣಗ ಭಾಳ ವಯಸ್ಸಾತೇನು?”

“ಹೌದು, ಪಾಪ, ವಯಸ್ಸಾಗೇತಿ,” ಎಂದೆ. ಅವರು ಆ ‘ಯ’ ಬರೆಯುವ ಹೊತ್ತಿಗೆ ಸರಿಯಾಗಿ ಚಹಾ ಬಂದಿತ್ತು. ನಾನು ಸ್ಟೂಲ್ ಬಿಟ್ಟು ಕಪ್ಪು ಹಿಡಿದಿದ್ದೆ.