ನಂದಿತಾಳ ಮೊದಲ ಹಾಡು ಮತ್ತು ಹದಿನಾರಿನ ಅಜ್ಜಿ

"ಇವತ್ತು ನಾನು ಗಿಟಾರ್ ಬಾರಿಸ್ತೀನಿ. ಇಡೀ ಬೀದಿ ನಮ್ಮನೆ ಬಾಗಿಲಿಗೆ ಬರದಿದ್ರೆ ನನ್ನ ಹೆಸರು ನಂದಿತಾನೇ ಅಲ್ಲ!"

ಕಾಫಿ ಲೋಟವನ್ನು ಠಕ್ಕೆಂದು ಕುಕ್ಕಿ ನಂದಿತಾ ಹೀಗೆ ಘೋಷಿಸಿದಾಗ ಗಂಡ ಅಮೃತೇಶ್ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ.

"ಈ ಬೀದಿ ಒಟ್ಟಿಗೆ ಸೇರೋದು ನಲ್ಲೀಲಿ ನೀರು ಬಂದಾಗ ಮಾತ್ರ ಕಣೇ."

"ನೋಡ್ತಾ ಇರಿ."

"ನೋಡೋಕೆ ನಾನೆಲ್ಲಿರ್ತೀನಿ?"

ಅದೇ ತೊಂದರೆ. ಅಮೃತೇಶ್ ರೇಷ್ಮೆ ಇಲಾಖೆಯವನು. ಬೆಳಿಗ್ಗೆ ಸ್ಕೂಟರ್ ಹತ್ತಿ ಊರೂರಿನ ಹುಳುಗಳ ಯೋಗಕ್ಷೇಮ ವಿಚಾರಿಸಲು ಹೊರಟರೆ, ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ ಮೇಲೇ ಬರುವುದು. ಹುಳುಗಳಿಗಿದ್ದ ಭಾಗ್ಯ ಹೆಂಡತಿಗೆಲ್ಲಿ? ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಮದುವೆಯಾಗಿ ಬಂದು ಐದು ತಿಂಗಳು. ಅಷ್ಟರಲ್ಲಿ ನಂದಿತಾಳ ಹೊಸ್ತಿಲು ದಾಟಿ ಬಂದ ಹೊರಗಿನವರು ಇಬ್ಬರೇ: ಕರೆಂಟ್ ಮೀಟರ್ ಓದುವವನು, ಮತ್ತು ಎದುರು ಮನೆಯ ಬೆಕ್ಕು. ಬೆಕ್ಕು ಹಾಲಾದರೂ ಕುಡಿದು ಹೋಯಿತು. ಮೀಟರಿನವನು ನೀರು ಕೂಡ ಬೇಡವೆಂದ.

ಎದುರು ಮನೆಯ ಕೆಂಪಾಜಮ್ಮನಿಗೆ ಎರಡು ಸಲ ಕೋಡುಬಳೆ ಕೊಟ್ಟು ಬಂದಿದ್ದಳು. ಎರಡು ಸಲವೂ ಅವರು ಡಬ್ಬಿ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ, ಕಾಂಪೌಂಡ್ ಗೋಡೆಯ ಮೇಲಿಟ್ಟು ಹೋಗಿದ್ದರು. ಡಬ್ಬಿಯ ಜೊತೆ ಎಷ್ಟು ಅಂತ ಮಾತಾಡುವುದು?

ಹಾಗಾಗಿ ಅಟ್ಟದಿಂದ ಗಿಟಾರ್ ಇಳಿಯಿತು! ಧೂಳು ಒರೆಸಿ, ಬಾಗಿಲು ಪೂರ್ತಿ ತೆರೆದು, ಬೀದಿಗೆ ಎದುರಾಗಿ ಕುರ್ಚಿ ಹಾಕಿ ಕುಳಿತ ಮೇಲೆ ಒಂದು ಸಣ್ಣ ವಿಷಯ ನೆನಪಾಯಿತು. ಬಾರಿಸುವುದು ಏನನ್ನು? ಕಲಿತದ್ದೇ ಮೂರು ಹಾಡು. ಎರಡು ಮರೆತುಹೋಗಿದ್ದವು. ಮೊದಲನೆಯದೂ ತಲೆಯಲ್ಲಿರಲಿಲ್ಲ. ಆದರೆ ಬೆರಳನ್ನು ತಂತಿಯ ಮೇಲಿಟ್ಟಳೋ ಇಲ್ಲವೋ, ಬೆರಳು ತಾನಾಗಿ ಹೊರಟಿತು.

ಅದು ಪಿಯುಸಿ ಓದುತ್ತಿದ್ದಾಗ ಕಲಿತ ಹಾಡು. ಸೋದರಮಾವ ಮೈಸೂರಿನಿಂದ ಹಳೇ ಗಿಟಾರ್ ತಂದುಕೊಟ್ಟಿದ್ದ. ಕಲಿಸುವವರು ಯಾರೂ ಇರಲಿಲ್ಲ. ಮೇಷ್ಟ್ರು ಎಂದರೆ ಮನೆಯಲ್ಲಿದ್ದ ಒಂದು ಕ್ಯಾಸೆಟ್, ಅದರ ಮೇಲಿನ ಚೀಟಿಯೂ ಹರಿದಿತ್ತು. ಸಂಜೆಯಾದರೆ ಕರೆಂಟ್ ಇಲ್ಲ. ಟೇಪ್ ರೆಕಾರ್ಡರ್ ನಡೆಯುತ್ತಿದ್ದುದು ನಾಲ್ಕು ಸೆಲ್ಲಿನ ಮೇಲೆ. ಹೊಸ ಸೆಲ್ ಎಂದರೆ ಅಮ್ಮನಿಗೆ ಆಗದು. ಮುಗಿದ ಸೆಲ್ಲುಗಳನ್ನೇ ತಾರಸಿಯ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಟ್ಟು, ಸಂಜೆ ಮತ್ತೆ ತುಂಬುವಳು. ಬಿಸಿ ತಿಂದ ಸೆಲ್ಲು ಇನ್ನರ್ಧ ಗಂಟೆ ಜೀವ ಹಿಡಿದುಕೊಳ್ಳುತ್ತಿತ್ತು. ಆ ಕತ್ತಲಲ್ಲಿ, ಬಾವಿಯ ತಳದಿಂದೆದ್ದು ಬಂದಂತೆ, ದಪ್ಪ ದನಿಯಲ್ಲಿ, ಎಳೆದೆಳೆದು ಯಾರೋ ಹಾಡುತ್ತಿದ್ದರು. ಮಾತು ಒಂದೂ ತಿಳಿಯದು. ಪಾಪ, ಎಷ್ಟು ದುಃಖವೋ ಎಂದುಕೊಂಡು ನಂದಿತಾ ಒಂದೊಂದೇ ತಂತಿ ಮೀಟಿ ಕಲಿತಿದ್ದಳು. ಪಕ್ಕದಲ್ಲಿ ಅಮ್ಮ ಕತ್ತಲಲ್ಲೇ ಅವರೆಕಾಳು ಸುಲಿಯುತ್ತಿದ್ದಳು.

ಆ ಸಂಜೆ ನೆನಪಾಗಿ ಕಣ್ಣು ತುಂಬಿತು. ಒರೆಸಿಕೊಂಡು ನೋಡುತ್ತಾಳೆ, ಗೇಟಿನಲ್ಲಿ ಕೆಂಪಾಜಮ್ಮ! ಬಾಯಿಗೆ ಸೆರಗು ಒತ್ತಿ ನಿಂತಿದ್ದಾರೆ.

ಮನಸ್ಸು ಕರಗಿತು, ಗೆದ್ದೆ! ನಂದಿತಾ ಇನ್ನಷ್ಟು ಎಳೆದು, ಇನ್ನಷ್ಟು ಭಾವ ಸುರಿದು ಬಾರಿಸಿದಳು. ಮೂಲೆಮನೆಯ ದೇವಯ್ಯ, ರಿಟೈರಾದ ಪೋಸ್ಟ್‌ಮ್ಯಾನ್, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತರು. ಅವರ ಹಿಂದೆ ಮೂವರು, ಅವರ ಹಿಂದೆ ಐವರು. ಸಾಕ್ಷಾತ್ ಇಡೀ ಬೀದಿ! ಆನಂದಕ್ಕೆ ನಂದಿತಾಳ ಕಣ್ಣಿಂದ ಧಾರೆ ಹರಿಯಿತು. ಅಷ್ಟೇ ಸಾಕಾಯಿತು. ಕೆಂಪಾಜಮ್ಮ ಒಳಗೆ ಬಂದವರೇ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು.

"ಅತ್ತುಬುಡವ್ವಾ, ತಡೀಬ್ಯಾಡ. ಹದಿನಾರಿನ ಅಜ್ಜಿ ಹೋಗ್ಬುಟ್ರಾ? ಉಷಾರಿಲ್ಲ ಅಂತ ನಿನ್ ಗಂಡ ಅಂದಿದ್ರು."

ಅಜ್ಜಿ ಎಂದರೆ ಹದಿನಾರು ಎಂಬ ಊರಿನಲ್ಲಿದ್ದ ಅಮೃತೇಶನ ಅಜ್ಜಿ ಪುಟ್ಟಬಸಮ್ಮ. ಕೆಮ್ಮು ಬಂದಿತ್ತು, ವಾಸಿಯೂ ಆಗಿತ್ತು. ಅದನ್ನು ಹೇಳಲು ನಂದಿತಾ ಬಾಯಿ ತೆರೆದಳು. ಆದರೆ ತಲೆಯ ಮೇಲೊಂದು ಕೈ ಇತ್ತು. ಐದು ತಿಂಗಳಲ್ಲಿ ಯಾರೂ ಅಲ್ಲಿ ಕೈ ಇಟ್ಟಿರಲಿಲ್ಲ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಇನ್ನೊಂದು ನಿಮಿಷ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಆ ಒಂದು ನಿಮಿಷದಲ್ಲಿ ಎಂಥೆಂಥ ಕೆಲಸ ಆಗಿಹೋಯಿತು! ದೇವಯ್ಯ ಅಮೃತೇಶನ ಆಫೀಸಿಗೆ ಸುದ್ದಿ ಮುಟ್ಟಿಸಲು ಎಸ್‌ಟಿಡಿ ಬೂತಿಗೆ ಓಡಿದರು. "ಇವತ್ತು ಈ ಮನೇಲಿ ಒಲೆ ಹಚ್ಚಬ್ಯಾಡಿ" ಎಂದು ಅಪ್ಪಣೆಯಾಗಿ ಎದುರು ಮನೆಯಿಂದ ಅನ್ನ ಸಾರು ಬಂತು. ಹೆಂಗಸರು ಚಾಪೆ ಹಾಸಿ ಸುತ್ತ ಕುಳಿತರು. ತವರು ಎಲ್ಲಿ, ಎಷ್ಟು ಜನ ಒಡಹುಟ್ಟಿದವರು, ಎಲ್ಲಿವರೆಗೆ ಓದಿದ್ದೀಯ? ಐದು ತಿಂಗಳಿಂದ ಕಟ್ಟಿಟ್ಟ ಉತ್ತರಗಳು ಒಮ್ಮೆಲೇ ಬಿಚ್ಚಿಕೊಂಡವು. ಯಾರದೋ ಮಾತಿಗೆ ನಂದಿತಾ ಒಮ್ಮೆ ಕಿಸಕ್ಕನೆ ನಕ್ಕೂಬಿಟ್ಟಳು.

"ದುಃಖದಲ್ಲಿ ಹಂಗೇ ಆಯ್ತದೆ," ಎಂದು ಕೆಂಪಾಜಮ್ಮ ಬೆನ್ನು ಸವರಿದರು.

ನಾಲ್ಕು ಗಂಟೆಗೆ ಸ್ಕೂಟರ್ ಬಂತು. ಆಫೀಸಿನಲ್ಲಿ ಸುದ್ದಿ ಕೇಳಿದ ಅಮೃತೇಶ್ ನೇರ ಹದಿನಾರಿಗೆ ಓಡಿದ್ದ. ಹೋಗಿ ನೋಡಿದರೆ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಸಾಕ್ಷಿಗೆಂದು ಹಿಂದೆ ಕೂರಿಸಿಕೊಂಡೇ ಬಂದಿದ್ದ!

ಮೃತರು ಸ್ಕೂಟರಿನಿಂದ ಇಳಿದು, ಸೀರೆ ಕೊಡವಿ, ಚಾಪೆಯ ನಡುವೆ ಬಂದು ನಿಂತರು.

"ಯಾರವ್ವಾ ನನ್ನ ಸಾಯಿಸಿದ್ದು?"

ನಂದಿತಾ ಗಿಟಾರ್ ತೋರಿಸಿ, "ಅಜ್ಜೀ, ನಾನು ಹಾಡು ಬಾರಿಸಿದೆ ಅಷ್ಟೇ. ಅವರೇ..." ಎಂದು ತಡವರಿಸಿದಳು.

"ಅದ್ಯಾವ ಹಾಡೋ ನಾನೂ ಒಸಿ ಕೇಳ್ತೀನಿ, ಬಾರ್ಸು."

ನಂದಿತಾ ಬೆಳಗಿನಂತೆಯೇ ಎಳೆದೆಳೆದು ಬಾರಿಸಿದಳು. ಅಜ್ಜಿ ತಲೆ ವಾಲಿಸಿ ಕೇಳಿದಳು. ಮುಖ ಅರಳಿತು.

"ಅಯ್ಯೋ ಇವ್ಳ! ಇದು ಸೊಸೇನ ಮನೆ ತುಂಬಿಸ್ಕಳೋ ಹಾಡಲ್ವಾ? ಯಾಕಿಂಗೆ ಕುಂಟಿಸ್ತಿದ್ದೀಯ?" ಎಂದು ಚಪ್ಪಾಳೆ ತಟ್ಟಿ, ಬಿರುಸಾಗಿ, ಮೊದಲ ಸಾಲಿನಿಂದ ಕೊನೆಯವರೆಗೆ ಹಾಡಿ ಮುಗಿಸಿದಳು.

ನಂದಿತಾಳಿಗೆ ಹಪ್ಪಳದ ಪಕ್ಕದ ಸೆಲ್ಲುಗಳು ಕಣ್ಣ ಮುಂದೆ ಬಂದವು. ಸೋತ ಸೆಲ್ಲಿಗೆ ಟೇಪು ನಿಧಾನವಾಗಿ ತೆವಳಿತ್ತು, ಹಾಡಿನಲ್ಲಿ ದುಃಖವೇ ಇರಲಿಲ್ಲ. ಏಳು ವರ್ಷ! ಏಳು ವರ್ಷದಿಂದ ಅವಳು ಅತ್ತದ್ದು ಒಂದು ಮದುವೆ ಮನೆಗೆ! ಸೆಲ್ಲಿನ ಕತೆ ಹೇಳಿದಾಗ ದೇವಯ್ಯ ಗೋಡೆ ಹಿಡಿದು ನಕ್ಕರು. ಎಲ್ಲರೂ ನಕ್ಕರು. ನಕ್ಕು, ಚಾಪೆ ಸುತ್ತಿಟ್ಟು, ಸಾರಿನ ಪಾತ್ರೆ ತೆಗೆದುಕೊಂಡು ಅವರವರ ಮನೆಗೆ ಹೋದರು.

ಮರುದಿನ ಅಜ್ಜಿಯೂ ಬಸ್ಸು ಹತ್ತಿದಳು. ನಂದಿತಾ ಮತ್ತೆ ಬಾಗಿಲು ತೆರೆದು, ಅಜ್ಜಿ ಹಾಡಿದ ವೇಗದಲ್ಲೇ, ತಪ್ಪಿಲ್ಲದೆ, ಒಂದು ಗಂಟೆ ಬಾರಿಸಿದಳು. ಬೆಕ್ಕು ಬಂದು ನೋಡಿ ಹೋಯಿತು.

ಗುರುವಾರ ಸಂಜೆ ಗೇಟು ಕಿರುಗುಟ್ಟಿತು. ಕೆಂಪಾಜಮ್ಮ ಹೊಸ್ತಿಲಾಚೆ ನಿಂತು ಸೆರಗಿನ ತುದಿ ಸುತ್ತುತ್ತಿದ್ದರು.

"ನಂದಿತಾ, ಬರೋ ಸೋಮವಾರ ನಮ್ ಮಾವನ ತಿಥಿ ಕಣವ್ವಾ. ನೆಂಟ್ರೆಲ್ಲಾ ಬತ್ತಾರೆ. ಊಟಕ್ಕೆ ಬಂದ್ಬುಡು. ಅದನ್ನೂ ಎತ್ಕೊಂಡು ಬಾ." ಗಿಟಾರಿನ ಕಡೆ ಗದ್ದ ಎತ್ತಿ ತೋರಿಸಿದರು. "ನೆನ್ನೆ ಬಾರ್ಸಿದ್ಯಲ್ಲ, ಆ ಥರ ಬ್ಯಾಡ. ಮೊನ್ನೆ ಥರ."

ಅವರ ಮಾತು ಮುಗಿಯುವ ಮೊದಲೇ ನಂದಿತಾ ಹೂಂ ಅಂದಿದ್ದಳು.

ರಾತ್ರಿ ಅಮೃತೇಶ್ ಶೂ ಬಿಚ್ಚುತ್ತ ಕೇಳಿದ: "ನಿಮ್ಮಮ್ಮನ ಮನೆ ಕ್ಯಾಸೆಟ್ ತರಿಸ್ಲಾ? ಹೊಸ ಸೆಲ್ ಹಾಕಿ ಸರಿಯಾಗಿ ಕಲೀಬಹುದು."

"ಬೇಡ ರೀ," ಎಂದಳು ನಂದಿತಾ, ಗಿಟಾರಿನ ಧೂಳು ಒರೆಸುತ್ತ. "ತಿಥಿಗೆ ಎಂಬತ್ತು ಜನ ಬರ್ತಾರಂತೆ."