ಗೋಡೆ ಗಡಿಯಾರ ಸರಿಮಾಡಿದ ದಿನ

ನಾನು ಜೀವನದಲ್ಲಿ ಎಲ್ಲಿಗೂ ತಡವಾಗಿ ಹೋದವನಲ್ಲ. ಇದು ಜಂಬದ ಮಾತಲ್ಲ. ದಾವಣಗೆರೆ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಸಂಚಾರ ನಿಯಂತ್ರಕನಾಗಿದ್ದೆ. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದುಕೊಳ್ಳುವುದು, ಹೊರಡದಿದ್ದರೆ ಹೊರಡಿಸುವುದು ನನ್ನ ಕೆಲಸ. ನನ್ನ ಮದುವೆಯಲ್ಲಿ ಮಂತ್ರ ಹೇಳುವ ಅಯ್ಯನವರಿಗಿಂತ ಮೊದಲೇ ಹೋಗಿ ಕೂತವನು ನಾನು. ಪೆಂಡಾಲಿನವರು ಆಗಿನ್ನೂ ಕಂಬ ನೆಡುತ್ತಿದ್ದರು!

ನಿವೃತ್ತಿಯ ನಂತರ ನನ್ನ ಆಡಳಿತಕ್ಕೆ ಉಳಿದದ್ದು ದೇವರಾಜ ಅರಸು ಬಡಾವಣೆಯ ನಮ್ಮ ಮನೆ ಮತ್ತು ಅದರೊಳಗಿನ ಪ್ರಯಾಣಿಕರು: ಹೆಂಡತಿ ಗಿರಿಜಾ, ಮಗ, ಸೊಸೆ ನೇತ್ರಾ, ಮೂರು ವರ್ಷದ ಮೊಮ್ಮಗಳು ಚಿನ್ನಿ. ಐದಕ್ಕೆ ಏಳುವುದು, ಆರಕ್ಕೆ ಚಹಾ, ಎಂಟಕ್ಕೆ ತಿಂಡಿ. ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದ್ದೇನೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮನೆಯ ಮೊಬೈಲುಗಳೆಲ್ಲ ಬೀರುವಿನ ಖಾನೆಯಲ್ಲಿ ಬಂದ್. ಮಗು ಮೊಬೈಲ್ ನೋಡದೆ ತಿನ್ನುವುದನ್ನು ಕಲಿಯಲಿ ಎಂಬ ಸದುದ್ದೇಶ. ಖಾನೆಯ ಕೀಲಿ ನನ್ನ ಜೇಬಿನಲ್ಲಿ. ಆಡಳಿತಾತ್ಮಕ ಕಾರಣಗಳಿಂದ ನನ್ನ ಮೊಬೈಲಿಗೆ ಮಾತ್ರ ವಿನಾಯಿತಿ.

ಸೊಸೆ ಒಳ್ಳೆಯ ಹುಡುಗಿ. ಆದರೆ ಹೊರಡುವಾಗ ತಡ ಮಾಡುತ್ತಾಳೆ. ಹೊಸ್ತಿಲು ದಾಟಿದ ಮೇಲೆ ಮಗುವಿನ ಟೋಪಿಗೆ ಒಮ್ಮೆ, ನೀರಿನ ಬಾಟಲಿಗೆ ಒಮ್ಮೆ, ಗ್ಯಾಸ್ ಆರಿಸಿದೆನೋ ಇಲ್ಲವೋ ನೋಡಲು ಇನ್ನೊಮ್ಮೆ ಒಳಗೆ ಹೋಗುತ್ತಾಳೆ. ಇದನ್ನು ಗಮನಿಸಿ ಚಿನ್ನಿ ಹುಟ್ಟಿದ ವರ್ಷವೇ, ಸಾರ್ವಜನಿಕ ಹಿತದೃಷ್ಟಿಯಿಂದ, ನಡುಮನೆಯ ಗೋಡೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಟ್ಟೆ. ಯಾರಿಗೂ ಹೇಳಲಿಲ್ಲ. ನನಗೆ ಕೈಗಡಿಯಾರ ಇತ್ತು. ಮೂರು ವರ್ಷ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆದರೂ ನೇತ್ರಾ ತಡ ಮಾಡುತ್ತಿದ್ದಳು. ಗಡಿಯಾರ ಮುಂದಿಡದಿದ್ದರೆ ಇನ್ನೆಷ್ಟು ತಡವಾಗುತ್ತಿತ್ತೋ ಎಂದು ಸಮಾಧಾನಪಟ್ಟುಕೊಂಡೆ.

ಹೀಗಿರುವಾಗ ಹರಿಹರದ ಒಂದು ಸಣ್ಣ ಶಿಶುಶಾಲೆಯಿಂದ ಸಂದರ್ಶನಕ್ಕೆ ಕರೆ ಬಂತು. ಮದುವೆಗೆ ಮುಂಚೆ ನೇತ್ರಾ ವಿದ್ಯಾನಗರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮಗು ಹುಟ್ಟಿದ ಮೇಲೆ ಬಿಟ್ಟಳು. ಚಿನ್ನಿಯನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ; ಕಂಕುಳಲ್ಲಿ ಎತ್ತಿಕೊಂಡು ಹೋದರೆ ಕೆಲಸ ಕೊಡುವವರಿಲ್ಲ. ಹರಿಹರದ ಶಾಲೆಯಲ್ಲಿ ಟೀಚರಿನ ಮಗುವೂ ಜೊತೆಗೆ ಬಂದು ಕಲಿಯಬಹುದಿತ್ತು. ಇಂಥ ಕೆಲಸಕ್ಕಾಗಿ ಅವಳು ಮೂರು ವರ್ಷ ಕಾದಿದ್ದಳು. ಇದ್ದದ್ದು ಒಂದೇ ಹುದ್ದೆ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರಬೇಕು, ಬರುವಾಗ ಒಂದು ಪುಟ ಸ್ವಂತ ಕೈಯಲ್ಲಿ ಬರೆದು ತರಬೇಕು ಎಂದು ಮುಖ್ಯೋಪಾಧ್ಯಾಯಿನಿ ತಿಳಿಸಿದ್ದರು. ವಿಷಯ: ತಾಯಿಯಾದ ಮೇಲೆ ನನ್ನಲ್ಲಿ ನಾನು ಕಂಡ ಮೂರು ದೋಷ, ಅವುಗಳಿಂದ ಕಲಿತ ಪಾಠ.

ಹಿಂದಿನ ಸಂಜೆ ಸೊಸೆ ಪೆನ್ನು ಹಿಡಿದು ಊಟದ ಮೇಜಿನ ಮುಂದೆ ಕೂತಳು. ಮಗ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದ.

"ಅತ್ತಿ, ನನ್ನ ತಪ್ಪು ಏನೇನು ಅದಾವು ಹೇಳ್ರಿ."

"ಅಯ್ಯ, ನಿಂದೇನು ತಪ್ಪು ಐತೆ?" ಎಂದಳು ಗಿರಿಜಾ. "ಸಾರಿಗೆ ಉಪ್ಪು ಕಮ್ಮಿ ಹಾಕ್ತಿ, ಒಗೆದ ಬಟ್ಟೆ ಕುರ್ಚಿ ಮ್ಯಾಲೇ ಬಿಡ್ತಿ, ಹಾಲು ಉಕ್ಕಸ್ತಿ, ತವರಿಗೆ ಫೋನ್ ಹಚ್ಚಿದ್ರೆ ಕೆಳಗೆ ಇಡಂಗಿಲ್ಲ, ಕೂಸಿಗೆ ಎಣ್ಣೆ ಹಚ್ಚೋದು ಮರೀತಿ. ತಪ್ಪೇನೂ ಇಲ್ಲ ಬಿಡು."

"ಅತ್ತಿ, ಅವರು ಮೂರೇ ಕೇಳ್ಯಾರ."

"ಮೊದಲನೇದು ನಾನು ಹೇಳ್ತೀನಿ, ಬರ್ಕೊ," ಎಂದೆ.

"ಬರ್ದೀನಿ ಮಾವಾರೆ. ನೋಡ್ರಿ."

ಹಾಳೆ ತೆಗೆದುಕೊಂಡು ಓದಿದೆ. "ಒಂದು: ನಾನು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ." ನನ್ನ ಎದೆ ತುಂಬಿ ಬಂತು. ಹಾಳೆ ವಾಪಸ್ ಕೊಟ್ಟೆ.

"ಕೆಳಗೆ ಇನ್ನೂ ಎರಡು ಅದಾವಲ್ಲ ಮಾವಾರೆ."

"ಮುಖ್ಯವಾದದ್ದು ಬಂತಲ್ಲ, ಸಾಕು!"

ಒಬ್ಬ ಮನುಷ್ಯ ತನ್ನ ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡ ಮೇಲೆ ಅವನ ಮುಂದೆ ಸುಳ್ಳು ಗಡಿಯಾರ ತೂಗುಹಾಕುವುದು ಧರ್ಮವಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಸ್ಟೂಲ್ ಹಾಕಿ ಹತ್ತಿ, ಮೂರು ವರ್ಷದ ಅಸತ್ಯವನ್ನು ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸಿದೆ. ಇದನ್ನೂ ಯಾರಿಗೂ ಹೇಳಲಿಲ್ಲ.

ಗಡಿಬಿಡಿಯಲ್ಲಿ ಸೊಸೆ ಮರೆತಾಳು ಎಂದು ಅವಳ ಅಂಕಪಟ್ಟಿ ಮತ್ತು ಆ ಹಾಳೆ ಇದ್ದ ಫೈಲನ್ನು ನಾನೇ ಬಗಲಿಗೆ ಇಟ್ಟುಕೊಂಡೆ. ಎಂಟಕ್ಕೆ ಚಪ್ಪಲಿ ಮೆಟ್ಟಿದೆ.

"ಇಷ್ಟು ಲಗೂನ ಎಲ್ಲಿಗ್ರೀ?" ಎಂದಳು ಗಿರಿಜಾ.

"ಒಂಬತ್ತರ ಬಸ್ಸಿಗೆ ಸೀಟು ಹಿಡಿಯಾಕ."

"ಅವಳು ಹೋಗೋದು ಹರಿಹರಕ್ಕೆ ರೀ, ಕಾಶಿಗಲ್ಲ!"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. "ನೇತ್ರಾ, ಎಂಟು ನಲವತ್ತಕ್ಕೆ ಆಟೋ ಬರ್ತದೆ. ಗೋಡೆ ಗಡಿಯಾರ ನೋಡ್ಕೊಂಡು ಹೊರಡು," ಎಂದೆ. ಅವಳ ಕೈಗಡಿಯಾರವನ್ನು ಚಿನ್ನಿ ಹಿಂದಿನ ವಾರ ನೀರಿನ ಬಕೆಟ್ಟಿಗೆ ಹಾಕಿ ಈಜು ಕಲಿಸಿದ್ದಳು. ಮೊಬೈಲು ನಿಯಮದ ಪ್ರಕಾರ ಖಾನೆಯಲ್ಲಿತ್ತು.

"ಆತು ಮಾವಾರೆ," ಎಂದು ಸೊಸೆ ನಕ್ಕಳು. ಆ ನಗುವಿನ ಅರ್ಥ ನನಗೆ ಹರಿಹರದ ದಾರಿಯಲ್ಲಿ ತಿಳಿಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಸಿ ಪಕ್ಕದಲ್ಲಿ ಕೂತೆ. ತೆಂಗಿನಕಾಯಿ ಚೀಲ ಹಿಡಿದು ಉಕ್ಕಡಗಾತ್ರಿಯ ಗುಡಿಗೆ ಹೊರಟಿದ್ದ ಒಬ್ಬ ಹೆಂಗಸು ಬಂದು ನಿಂತಳು.

"ಯಣ್ಣಾ, ಈ ಟವಲ್ಲು ಯಾರದು?"

"ನಂದು."

"ನೀನು ಕುಂತೀಯಲ್ಲ. ಟವಲ್ಲಿಗೆ ಬ್ಯಾರೆ ಸೀಟು ಬೇಕಾ?"

"ನನ್ನ ಸೊಸೆ ಬರ್ತಾಳೆ ತಾಯಿ."

"ಬಂದ ಮ್ಯಾಲೆ ಏಳ್ತೀನಿ. ಅಲ್ಲೀಮಟ ನಾನು ಕುಂದರ್ತೀನಿ. ನಾನೇನು ಟವಲ್ಲಿಗಿಂತ ಕಡೀನಾ?" ಎಂದು ಟವೆಲ್ಲನ್ನು ನನ್ನ ತೊಡೆಯ ಮೇಲೆ ಹಾಕಿ ಕೂತೇಬಿಟ್ಟಳು.

ಎಂಟು ಐವತ್ತೈದು. ಸೊಸೆ ಇಲ್ಲ. ಎಂಟು ಐವತ್ತೆಂಟು. ಇಲ್ಲ. ಒಂಬತ್ತಕ್ಕೆ ಕಂಡಕ್ಟರ್ ಹತ್ತಿದ. ನನ್ನ ಕೈಕೆಳಗೆ ಪಳಗಿದವನೇ.

"ಎರಡು ನಿಮಿಷ ನಿಲ್ಲಿಸಪ್ಪ, ನನ್ನ ಸೊಸೆ ಬರೋದೈತೆ."

"ಸಾರ್, ನಾನು ಹೊಸದಾಗಿ ಡ್ಯೂಟಿಗೆ ಬಂದಾಗ ನಮ್ಮಪ್ಪ ನೀರು ಕುಡಿಯಾಕ ಇಳಿದಿದ್ದ. ಒಂದು ನಿಮಿಷ ನಿಲ್ಲಿಸ್ರಿ ಅಂತ ನಿಮ್ಮನ್ನ ಕೇಳಿದ್ದೆ. ಏನಂದಿದ್ರಿ, ನೆನಪೈತಾ?"

ನೆನಪಿತ್ತು. "ಬಸ್ಸು ನಿಮ್ಮಪ್ಪಂದಲ್ಲ ಅಂದಿದ್ದೆ."

"ನಿಮ್ಮ ಸೊಸೀದೂ ಅಲ್ಲ ಸಾರ್!" ಎಂದು ಸೀಟಿ ಊದಿದ.

ನಾನು ಇಳಿಯಬಹುದಿತ್ತು. ಆದರೆ ಅರ್ಜಿದಾರಳು ತಡವಾದರೂ ಅರ್ಜಿಯಾದರೂ ಹೊತ್ತಿಗೆ ಸರಿಯಾಗಿ ತಲುಪಲಿ ಎಂದಿತು ನನ್ನ ಕಚೇರಿ ಬುದ್ಧಿ. ಬಸ್ಸು ಹೊರಟ ಮೇಲೆ ನೇತ್ರಾಳ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಯಿತು. ಗಿರಿಜಾಳಿಗೆ ಮಾಡಿದೆ. ಅದೂ ರಿಂಗ್ ಆಯಿತು. ಆಗ ಜೇಬಿನಲ್ಲಿ ಏನೋ ಚುಚ್ಚಿದಂತಾಯಿತು. ಖಾನೆಯ ಕೀಲಿ! ಗಂಟೆ ಒಂಬತ್ತಾದರೂ ನಮ್ಮ ಮನೆಯ ಮೊಬೈಲುಗಳಿಗೆ ಬಿಡುಗಡೆಯಾಗಿರಲಿಲ್ಲ. ಬಿಡುಗಡೆ ಮಾಡಬೇಕಾದ ಅಧಿಕಾರಿ ಹರಿಹರಕ್ಕೆ ಹೊರಟಿದ್ದ.

ಮನಸ್ಸು ತಹಬಂದಿಗೆ ಬರಲಿ ಎಂದು ಫೈಲ್ ತೆರೆದೆ. ಹಾಳೆಯಲ್ಲಿ ಹಿಂದಿನ ಸಂಜೆ ಓದದೆ ಬಿಟ್ಟಿದ್ದ ಭಾಗ ಹೀಗಿತ್ತು.

"ಎರಡು: ನಮ್ಮ ಮನೆಯ ಗಡಿಯಾರ ಹದಿನೈದು ನಿಮಿಷ ಮುಂದಿದೆ. ನನ್ನ ಒಳ್ಳೆಯದಕ್ಕೆಂದು ಮಾವನವರು ಹಾಗೆ ಇಟ್ಟಿದ್ದಾರೆ. ನನಗೆ ಅದು ಮೊದಲ ವಾರದಲ್ಲೇ ಗೊತ್ತಾಯಿತು. ಬೇಗ ಹೊರಡುವುದನ್ನು ಕಲಿಯುವ ಬದಲು ನಾನು ಹದಿನೈದನ್ನು ಕಳೆಯುವುದನ್ನು ಕಲಿತೆ. ಯಾರಾದರೂ ನೆರವಿಗೆ ಬಂದರೆ ಆ ನೆರವನ್ನೇ ನನ್ನ ಆಲಸ್ಯಕ್ಕೆ ಬಳಸಿಕೊಳ್ಳುತ್ತೇನೆ ಎಂದು ಇದರಿಂದ ತಿಳಿದೆ."

ಮೂರು ವರ್ಷ! ಮೊದಲ ವಾರದಲ್ಲೇ! ಅಂದರೆ ಈ ಹೊತ್ತು ಮನೆಯಲ್ಲಿ, ನಾನು ಸತ್ಯಕ್ಕೆ ತಂದು ನಿಲ್ಲಿಸಿದ ಗಡಿಯಾರದಿಂದ ಅವಳು ಹದಿನೈದು ನಿಮಿಷ ಕಳೆದಿದ್ದಾಳೆ. ಮುಂದೆ ಓದಿದೆ.

"ಮೂರು: ಏನೇ ಎಡವಟ್ಟಾದರೂ, ತಪ್ಪು ಯಾರದೇ ಇರಲಿ, ‘ನಂದೇ ತಪ್ಪು’ ಎಂದುಬಿಡುತ್ತೇನೆ. ಜಗಳ ಬೇಗ ಮುಗಿಯುತ್ತದೆ. ಇದು ಒಳ್ಳೆಯ ಗುಣ ಎಂದುಕೊಂಡಿದ್ದೆ. ಹೋದ ತಿಂಗಳು ಮಾವನವರ ಕೈಯಿಂದ ಚಹಾ ಚೆಲ್ಲಿತು. ಮೂಲೆಯಲ್ಲಿ ಆಡುತ್ತಿದ್ದ ಮಗಳು ಓಡಿಬಂದು ‘ನಂದೇ ತಪ್ಪು ಅಜ್ಜ’ ಎಂದಳು. ನಾನು ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಬಾಯಿ ತೆರೆಯುವ ಮುಂಚೆ ತಪ್ಪು ನಿಜವಾಗಿ ಯಾರದು ಎಂದು ಯೋಚಿಸುವ ಅಭ್ಯಾಸ ಮಾಡುತ್ತಿದ್ದೇನೆ. ಕಷ್ಟವಾಗುತ್ತಿದೆ."

ಆ ಚಹಾ ನನಗೂ ನೆನಪಿತ್ತು. ಅವತ್ತು ನಾನು ಚಿನ್ನಿಯ ತಲೆ ಸವರಿ, "ಹೋಗ್ಲಿ ಬಿಡು, ಇನ್ನೊಮ್ಮೆ ಹಂಗೆ ಮಾಡಬ್ಯಾಡ," ಎಂದು ಕ್ಷಮಿಸಿದ್ದೆ!

"ಯಾಕಣ್ಣಾ, ಮುಖ ಸಪ್ಪಗಾತು?" ಎಂದಳು ತೆಂಗಿನಕಾಯಿಯ ಹೆಂಗಸು. "ಮನಿಯಾಗೆ ಏನಾರ ಕೆಟ್ಟಿತಾ?"

"ಇಲ್ಲ ತಾಯಿ. ಗಡಿಯಾರ ಸರಿಹೋಗೈತೆ."

ಅವಳು ಸ್ವಲ್ಪ ಕಿಟಕಿಯ ಕಡೆ ಸರಿದು ಕೂತಳು.

ಒಂಬತ್ತೂ ಮುಕ್ಕಾಲಿಗೆ ಶಾಲೆಯಲ್ಲಿದ್ದೆ. ಹತ್ತಕ್ಕೆ ಸರಿಯಾಗಿ ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಬಂದು, "ನೇತ್ರಾವತಿ," ಎಂದು ಕರೆದರು. ನಾನು ಎದ್ದು ನಿಂತೆ.

ಅವರು ಕನ್ನಡಕ ಸರಿಮಾಡಿಕೊಂಡರು. "ನೀವು?"

"ಅವಳ ಮಾವ. ದಾಖಲೆಗಳನ್ನ ತಂದೀನಿ ಮೇಡಂ. ಅಭ್ಯರ್ಥಿ ಹಿಂದೆ ಬರ್ತಾಳೆ."

"ಯಾಕ್ರಿ ತಡ?"

ನಿಜ ಹೇಳಬೇಕಿತ್ತು. ನಾಲಿಗೆ ಬೇರೆಯದನ್ನೇ ಹೇಳಿತು. "ಬಸ್ಸು ತಡ ಮೇಡಂ."

ನನ್ನ ಸೇವೆಯ ಕಾಲದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಮೇಡಂ ಫೈಲ್ ತೆಗೆದುಕೊಂಡು ಹಾಳೆ ಓದಿದರು. ಅರ್ಧ ಓದಿ ತಲೆ ಎತ್ತಿದರು.

"ಓಹೋ, ಗಡಿಯಾರದ ಮಾವ ಅಂದ್ರೆ ನೀವೇನಾ?"

ಹತ್ತೂ ಕಾಲಿಗೆ ನೇತ್ರಾ, ಚಿನ್ನಿಯನ್ನು ಗಿರಿಜಾಳ ಹತ್ತಿರ ಬಿಟ್ಟು, ಒಬ್ಬಳೇ ಬಂದಳು. ಬೆವರು ಸುರಿಯುತ್ತಿತ್ತು. ನನ್ನನ್ನು ನೋಡಿದಳು, ಮೇಡಂ ಕೈಯಲ್ಲಿದ್ದ ಹಾಳೆ ನೋಡಿದಳು.

"ಯಾಕಮ್ಮ ತಡ?"

"ನಂದೇ ತ..." ಎಂದವಳು ನಿಲ್ಲಿಸಿದಳು. ನಾನು ಗೋಡೆಯ ಮೇಲಿನ ಅಕ್ಷರಮಾಲೆಯಲ್ಲಿ ಅಳಿಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಸೊಸೆ ಉಸಿರು ಎಳೆದುಕೊಂಡು ಹೇಳಿದಳು.

"ಎಲ್ಲಾ ನಂದಲ್ಲ ಮೇಡಂ. ಮಾವಾರು ಬೆಳಿಗ್ಗೆ ಗಡಿಯಾರ ಸರಿ ಮಾಡ್ಯಾರ, ನನಗೆ ಹೇಳಿಲ್ಲ. ನಾನು ದಿನದಂಗೆ ಹದಿನೈದು ಕಳೆದೆ, ಅವರನ್ನ ಕೇಳಿಲ್ಲ. ಆಟೋದವನು ಬಂದು ಹಾರ್ನ್ ಹೊಡೆದ. ಮಾವಾರು ಆಟೋಕ್ಕೂ ಹದಿನೈದು ನಿಮಿಷ ಮುಂಚೇನೇ ಹೇಳಿರ್ತಾರೆ ಅಂತ ಅವನನ್ನೂ ಕೂಡ್ರಿಸಿ ಚಹಾ ಕೊಟ್ಟೆ. ಬಸ್ ಸ್ಟ್ಯಾಂಡಿಗೆ ಬಂದು ಅಲ್ಲಿ ಗಡಿಯಾರ ನೋಡಿದ್ರೆ ಒಂಬತ್ತು ಹತ್ತು, ಆವಾಗ ತಿಳೀತು. ಬಸ್ಸಿಲ್ಲ, ಫೈಲಿಲ್ಲ, ಫೋನಿಲ್ಲ, ಮಾವಾರೂ ಇಲ್ಲ. ಅರ್ಧ ತಪ್ಪು ನಂದು ಮೇಡಂ, ಅರ್ಧ ಅವರದು."

"ಅಂದ್ರೆ ಬಸ್ಸು ತಡ ಆಗಿರಲಿಲ್ಲ?"

"ಇಲ್ಲ ಮೇಡಂ. ಇವತ್ತು ಸರಿಯಾಗಿ ಹೋಗಿದ್ದು ಅದೊಂದೇ!"

ಮೇಡಂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, "ನಂದೇ ತಪ್ಪು," ಎಂದೆ. ಅರವತ್ತಾರು ವರ್ಷದಲ್ಲಿ ಬಾಯಿಗೆ ಆ ಮಾತಿನ ಅಭ್ಯಾಸವಿರಲಿಲ್ಲ. ಅರ್ಧ ಕೆಮ್ಮಾಗಿ ಹೊರಬಂತು.

"ಪೂರ್ತಿ ನಿಮ್ಮದಲ್ರಿ. ಅರ್ಧ ಅವರು ಆಗಲೇ ತಗೊಂಡಾರ," ಎಂದರು ಮೇಡಂ. "ನೀವು ಹೊರಗೆ ಕೂಡ್ರಿ."

ಹೊರಗೆ ಕೂತೆ. ಬೆಂಚು ಮಕ್ಕಳದ್ದು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಆ ಭಂಗಿಯಲ್ಲಿ ನಲವತ್ತು ನಿಮಿಷ, ಅವಳ ಮೂರು ವರ್ಷದ ಆಸೆಯನ್ನು ನಾನು ಹದಿನೈದು ನಿಮಿಷದಲ್ಲಿ ಮುಗಿಸಿದೆನೇನೋ ಎಂದು ಯೋಚಿಸಿದೆ. ಆಮೇಲೆ ನೇತ್ರಾ ಹೊರಗೆ ಬಂದಳು. ಇಬ್ಬರೂ ಬಸ್ ಹತ್ತಿದೆವು. ಕಿಟಕಿ ಪಕ್ಕದ ಸೀಟನ್ನು ಅವಳಿಗೆ ಬಿಟ್ಟುಕೊಟ್ಟೆ.

"ಮಾವಾರೆ," ಎಂದಳು, "ಸೋಮವಾರದಿಂದ ಬಾ ಅಂದ್ರು."

"ತಡ ಆಗಿದ್ದಕ್ಕೆ ಏನೂ ಅನ್ನಲಿಲ್ಲವಾ?"

"ಅಂದ್ರು. ಒಂದು ತಿಂಗಳು ನೋಡ್ತಾರಂತೆ. ಅಷ್ಟರಾಗೆ ಒಂದೇ ಒಂದು ದಿನ ತಡ ಆದ್ರೂ ನಾನು ಮನಿಗೆ. ಚಿನ್ನೀನೂ ಮನಿಗೆ."

ಒಂದು ತಿಂಗಳು! ಜವಾಬ್ದಾರಿಯ ಭಾರ ನನ್ನ ಹೆಗಲ ಮೇಲೆ ಬಿದ್ದಂತಾಯಿತು. ಸೋಮವಾರ ಏಳೂವರೆಗೇ ಇಸ್ತ್ರಿ ಅಂಗಿ ಹಾಕಿ, ಛತ್ರಿ ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಸಿದ್ಧನಾಗಿ ನಿಂತೆ. ನೇತ್ರಾ ಚಿನ್ನಿಯ ಕೈ ಹಿಡಿದು ಹೊರಗೆ ಬಂದಳು. ಟೋಪಿ ಇತ್ತು, ನೀರಿನ ಬಾಟಲಿ ಇತ್ತು. ಒಮ್ಮೆಯೂ ಒಳಗೆ ಹೋಗಲಿಲ್ಲ.

"ಎಲ್ಲಿಗೆ ಮಾವಾರೆ?"

"ನಿಮ್ಮನ್ನ ಬಸ್ಸಿಗೆ ಹತ್ತಿಸಾಕ."

ಅವಳು ಬಹಳ ಮರ್ಯಾದೆಯಿಂದಲೇ ಹೇಳಿದಳು. "ಬ್ಯಾಡ ಮಾವಾರೆ. ನೀವು ಬಂದ್ರೆ ತಡ ಆಗ್ತದೆ."

ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ನನ್ನ ಬಗ್ಗೆ ಬರೆಯದ ಷರಾ! ಸಾಕ್ಷ್ಯಗಳೆಲ್ಲ ಅವಳ ಕಡೆಗಿದ್ದವು. ಚಪ್ಪಲಿ ಕಳಚಿ, ಛತ್ರಿಯನ್ನು ಮೂಲೆಗೆ ಇಟ್ಟೆ.