ಜಂಟಿ ಹೊಗೆಗೂಡಿನ ಸೋರಿಕೆ

ಹುಲಿಗುಡ್ಡ ಎಸ್ಟೇಟಿಗೂ ಜೇನುಕಲ್ಲು ಎಸ್ಟೇಟಿಗೂ ನಡುವಿನ ಗಡಿಯು ಕಳಸದ ರಸ್ತೆಯ ಬದಿಯಲ್ಲಿರುವ ರೈಟರ್ ಮನೆಯ ಹೊಗೆಗೂಡಿನ ನಟ್ಟನಡುವೆ ಹಾದುಹೋಗುತ್ತದೆ. ಇದು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಗುರುತಿಸಿದ ಸಂಗತಿಯಾದ್ದರಿಂದ ಯಾರ ತಕರಾರೂ ಇಲ್ಲ.

ಮೊದಲು ಅದು ಒಬ್ಬನೇ ಬಿಳಿ ದೊರೆಯ ಬಂಗಲೆ. ಆತ ತೋಟವನ್ನು ಎರಡು ಪಾಲು ಮಾಡಿ ಎರಡು ಕಂಪನಿಗಳಿಗೆ ಮಾರಿ ತನ್ನ ದೇಶಕ್ಕೆ ಹೋದ. ಕಂಪನಿಗಳು ಹಜಾರದ ನಡುವೆ ಗೋಡೆ ಎಬ್ಬಿಸಿ, ಇತ್ತ ಲೆಕ್ಕಪತ್ರ ಬರೆಯುವ ಹುಲಿಗುಡ್ಡದ ರೈಟರ್ ಬೆಳ್ಳಿಯಪ್ಪನವರನ್ನೂ ಅತ್ತ ಜೇನುಕಲ್ಲಿನ ರೈಟರ್ ಓಂಕಾರಮೂರ್ತಿಯವರನ್ನೂ ಇರಿಸಿದವು. ಗೋಡೆಯ ಎರಡೂ ಮಗ್ಗುಲಿಗೆ ಬೆನ್ನಿಗೆ ಬೆನ್ನು ಹಚ್ಚಿದಂತೆ ಒಂದೊಂದು ಅಗ್ಗಿಷ್ಟಿಕೆ. ಎರಡರ ಹೊಗೆಯೂ ಒಂದೇ ಗೂಡಿನಿಂದ ಮೇಲೆ ಹೋಗುತ್ತಿತ್ತು. ಹೊಗೆಯ ಬಗ್ಗೆ ಕಂಪನಿಗಳ ನಡುವೆ ಯಾವ ಪತ್ರವ್ಯವಹಾರವೂ ನಡೆದಿರಲಿಲ್ಲ.

೧೯೩೪ನೇ ಇಸವಿಯ ಜೂನಿನಲ್ಲಿ, ಹೊಗೆಗೂಡು ಹೆಂಚಿನ ಮಾಡನ್ನು ದಾಟಿ ಹೊರಬರುವ ಕಡೆ ಸುತ್ತಲೂ ಸೋರತೊಡಗಿತು. ಆಗ ಬೆಳ್ಳಿಯಪ್ಪನವರ ಮಗಳು ಸರೋಜಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನಕ್ಕೆಂದು ಅಗ್ಗಿಷ್ಟಿಕೆಯ ಕೋಣೆಯನ್ನೇ ಸಜ್ಜು ಮಾಡಿದ್ದರು. ತಾಯಿ ರುಕ್ಮಿಣಮ್ಮ ಗಂಡನನ್ನು ಕರೆದು ಒದ್ದೆ ಗೋಡೆ ಮುಟ್ಟಿಸಿದರು.

"ಮಗು ಹುಟ್ಟೋಕೆ ಮುಂಚೆ ಇದನ್ನ ಸರಿ ಮಾಡಿಸಿ. ಥಂಡಿ ಕೋಣೇಲಿ ಬಾಣಂತನ ಮಾಡೋಕಾಗಲ್ಲ."

ಹೆಂಚು ಹೊದಿಸುವ ಕೆಂಚಯ್ಯನನ್ನು ಕರೆಸಲಾಯಿತು. ಅವನು ಮಾಡು ಹತ್ತಿ, ಸುತ್ತ ಬೆರಳಾಡಿಸಿ, ಇಳಿದು ಬಂದ.

"ಹೆಂಚು ಚೆನ್ನಾಗೇ ಇದೆ ಅಯ್ಯಾ. ಇಟ್ಟಿಗೆಗೂ ಹೆಂಚಿಗೂ ಮಧ್ಯದ ಗಾರೆ ಬಿಟ್ಟಿದೆ. ಗೂಡಿನ ಸುತ್ತ ಒಂದು ತಗಡು ಮಡಚಿ ಕೂರಿಸಿ ಗಾರೆ ಮೆತ್ತಿದ್ರೆ ಮುಗೀತು. ಅನ್ನ ಬೇಯೋಷ್ಟರಲ್ಲಿ ಮಾಡ್ತೇನೆ."

ಬೆಳ್ಳಿಯಪ್ಪನವರು ನಿಯಮದಂತೆ ಅನುಮತಿಗೆ ಬರೆದರು. ಮೂರನೆಯ ದಿನ ಹುಲಿಗುಡ್ಡ ಕಂಪನಿಯ ಮ್ಯಾನೇಜರ್ ದೊರೆಯ ಆರ್ಡರು ಬಂತು: "ಸುತ್ತಲೂ ತಗಡು ಹಾಕಿದಲ್ಲಿ ಅದು ಪರರ ಹದ್ದನ್ನು ಅತಿಕ್ರಮಿಸಿದಂತಾಗುತ್ತದೆ. ಆದ್ದರಿಂದ ಹೊಗೆಗೂಡಿನ ನಮ್ಮ ಅರ್ಧವನ್ನು ಮಾತ್ರ ದುರಸ್ತಿ ಮಾಡತಕ್ಕದ್ದು."

ಕೆಂಚಯ್ಯ ಅರ್ಧ ದುರಸ್ತಿ ಮಾಡಿದ. ಹುಲಿಗುಡ್ಡದ ಕಡೆ ಸೋರುವುದು ನಿಂತಿತು. ಅಲ್ಲಿನ ನೀರೂ ಸೇರಿ ಜೇನುಕಲ್ಲಿನ ಕಡೆ ಸುರಿಯತೊಡಗಿತು. ಓಂಕಾರಮೂರ್ತಿಯವರ ತಾಯಿ ಅಂಜನಮ್ಮನವರ ಹಾಸಿಗೆ ತೊಯ್ದು, ಅವರಿಗೆ ಕೆಮ್ಮು ಹತ್ತಿತು.

ಜೇನುಕಲ್ಲು ಕಂಪನಿ ಬರೆಯಿತು: "ತಮ್ಮ ಪಾಲಿನ ಮಳೆಯು ತಮ್ಮ ತಗಡಿನ ಮೇಲಿಂದ ಜಾರಿ ನಮ್ಮ ಹದ್ದಿನೊಳಗೆ ಅಕ್ರಮವಾಗಿ ಪ್ರವೇಶಿಸುತ್ತಿದೆ. ತಮ್ಮ ಮಳೆಯನ್ನು ತಾವೇ ಇರಿಸಿಕೊಳ್ಳತಕ್ಕದ್ದು."

ಹುಲಿಗುಡ್ಡ ಕಂಪನಿ ಉತ್ತರಿಸಿತು: "ಮೋಡದಲ್ಲಿದ್ದಾಗ ಮಳೆ ಯಾರದೆಂದು ನಮ್ಮಲ್ಲಿ ದಾಖಲೆಯಿಲ್ಲ. ಬಿದ್ದ ಮೇಲೆ ಅದು ಬಿದ್ದ ಕಡೆಯವರದು."

ಜೇನುಕಲ್ಲಿನವರು ತಮ್ಮ ಅರ್ಧಕ್ಕೂ ತಗಡು ಹಾಕಿಸಲು ತೀರ್ಮಾನಿಸಿದರು, ಆದರೆ ಹುಲಿಗುಡ್ಡದ ತಗಡಿಗಿಂತ ಮೂರು ಇಂಚು ಎತ್ತರಕ್ಕೆ. ಅದಕ್ಕೂ ಕೆಂಚಯ್ಯನೇ ಬಂದ. ಆ ಸುತ್ತಿನಲ್ಲಿ ಹೆಂಚು ಹೊದಿಸುವವರು ಬೇರೆ ಯಾರೂ ಇರಲಿಲ್ಲ. ಕೆಲಸ ಮುಗಿಸುವಾಗ ಅವನು ಮೇಲಿಂದಲೇ ಕೇಳಿದ, "ಅಯ್ಯಾ, ಎರಡು ತಗಡಿಗೂ ಸೇರಿಸಿ ಮಧ್ಯಕ್ಕೊಂದು ಪಟ್ಟಿ ಹೊಡೆದುಬಿಡ್ಲಾ? ಇಬ್ರಿಗೂ ಸೋರಲ್ಲ."

"ಮಧ್ಯ ಅನ್ನೋದು ನಮ್ಮದೂ ಅಲ್ಲ, ಅವರದೂ ಅಲ್ಲ ಕೆಂಚಯ್ಯ," ಎಂದರು ಓಂಕಾರಮೂರ್ತಿ. "ಅದಕ್ಕೆ ಆರ್ಡರಿಲ್ಲ. ಇಳಿ."

ಹೀಗಾಗಿ ಎರಡೂ ಪಾಲಿನ ನೀರು ಬೆಳ್ಳಿಯಪ್ಪನವರ ಅಗ್ಗಿಷ್ಟಿಕೆಗೆ ಬಂತು. ಪುಷ್ಯ ಮಳೆಯ ಒಂದು ಬೆಳಿಗ್ಗೆ ಸರೋಜಮ್ಮನಿಗೆ ನೋವು ಶುರುವಾದಾಗ ಕೋಣೆಯಲ್ಲಿ ಕಾಲಿಡಲು ಒಣ ಜಾಗವಿರಲಿಲ್ಲ. ರುಕ್ಮಿಣಮ್ಮ ಮೂರು ಸಲ ಬೆಂಕಿ ಹೊತ್ತಿಸಿದರು. ಮೂರು ಸಲವೂ ಆರಿತು. ಗೋಡೆಯ ಆಚೆಯಿಂದ ನರಳುವುದು ಕೇಳಿ ಅಂಜನಮ್ಮ ಮಳೆಗೆ ಗೊರಬು ಹೊದ್ದು ಅಂಗಳ ಸುತ್ತಿ ಬಂದರು.

"ನಮ್ಮಲ್ಲಿ ಬೆಂಕಿ ಚೆನ್ನಾಗಿ ಉರೀತಿದೆ. ಹುಡುಗೀನ ಕರ್ಕೊಂಡು ಬಾ ರುಕ್ಮಿಣಿ."

"ಕಂಪನಿಯವರಿಗೆ ಒಂದು ಮಾತು ತಿಳಿಸಿ…" ಎಂದು ಬೆಳ್ಳಿಯಪ್ಪನವರು ಶುರುಮಾಡಿದರು. ಹೆಂಗಸರಿಬ್ಬರೂ ಅವರನ್ನು ದಾಟಿಕೊಂಡು ಹೋದರು.

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಜಗಲಿಯಲ್ಲಿ ನಿಂತು ಅಳು ಕೇಳಿಸಿಕೊಂಡ ಬೆಳ್ಳಿಯಪ್ಪನವರು ಕಿಸೆಯಲ್ಲಿದ್ದ ಕಂಪನಿಯ ಆರ್ಡರಿನ ಕಾಗದವನ್ನು ಹರಿಯಬೇಕೆಂದು ಹೊರತೆಗೆದರು. ಇಪ್ಪತ್ತೆರಡು ವರ್ಷದ ಚಾಕರಿಯಲ್ಲಿ ಅವರು ಕಾಗದ ಹರಿದಿರಲಿಲ್ಲ. ಕಣ್ಣೊರೆಸಿಕೊಂಡು ಅದನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಕಿಸೆಗೆ ಸೇರಿಸಿದರು. ಹದಿನೈದು ದಿನದ ಮೇಲೆ ಹುಲಿಗುಡ್ಡದ ಆಫೀಸಿನಿಂದ, ನಮ್ಮ ಎಸ್ಟೇಟಿನ ಒಂದು ಹೆರಿಗೆಯು ಪೂರ್ವಾನುಮತಿಯಿಲ್ಲದೆ ಗಡಿಯಾಚೆ ಜರುಗಿದ್ದೇಕೆ ಎಂದು ಕೇಳಿ ಪತ್ರ ಬಂತು. ಅವರು ವಿಷಾದ ವ್ಯಕ್ತಪಡಿಸಿ ಉತ್ತರ ಬರೆದರು.

ಎರಡೂ ಕಂಪನಿಗಳು ಸೇರಿ ಹೊಗೆಗೂಡು ಜಂಟಿ ಸಮಿತಿಯನ್ನು ರಚಿಸಿದವು. ಮಳೆಗಾಲದಲ್ಲಿ ಭದ್ರಾ ಹೊಳೆ ದಾಟುವುದು ಅಪಾಯವಾದ್ದರಿಂದ ಸಮಿತಿ ಜನವರಿಯಲ್ಲಿ ಬಂತು. ಸದಸ್ಯರು ಪಕ್ಷಪಾತವೆನಿಸಬಾರದೆಂದು ಎರಡೂ ಮನೆಗಳಲ್ಲಿ ಊಟ ಮಾಡಿ, ಎರಡೂ ಮನೆಗಳಿಂದ ಜೇನುತುಪ್ಪ ಸ್ವೀಕರಿಸಿ, ಬಿಸಿಲಲ್ಲಿ ನಿಂತು ಮಾಡು ನೋಡಿದರು.

"ಸೋರಿಕೆಯನ್ನು ಹಾಜರುಪಡಿಸಿ," ಎಂದರು ಅಧ್ಯಕ್ಷರು.

"ಈಗ ಮಳೆ ಇಲ್ಲ ಸ್ವಾಮಿ," ಎಂದರು ಬೆಳ್ಳಿಯಪ್ಪ.

"ಅಂದರೆ ಸೋರಿಕೆ ಗೈರುಹಾಜರು ಅಂತ ಬರೆದುಕೊಳ್ಳಿ."

ಗೈರುಹಾಜರಾದದ್ದನ್ನು ದುರಸ್ತಿ ಮಾಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಪತ್ರಗಳಲ್ಲಿ ಇರುವುದನ್ನು ಇಲ್ಲವೆನ್ನುವಂತೆಯೂ ಇರಲಿಲ್ಲ. ಸಮಿತಿ ಎರಡು ದಿನ ಆಲೋಚಿಸಿ ಠರಾವು ಮಾಡಿತು: ಎರಡೂ ತಗಡುಗಳನ್ನು ಕಿತ್ತು ಸೋರಿಕೆಯನ್ನು ಸಮಪಾಲಾಗಿಸತಕ್ಕದ್ದು, ಬಿದ್ದ ನೀರನ್ನು ಉಭಯ ರೈಟರರು ಸೇರಿನಲ್ಲಿ ಅಳೆದು ರಿಜಿಸ್ಟರಿನಲ್ಲಿ ಬರೆಯತಕ್ಕದ್ದು, ಪಾತ್ರೆ ಇಡಲು ಮತ್ತು ಚೆಲ್ಲಲು ಒಬ್ಬ ಸೋರಿಕೆ ಮೇಸ್ತ್ರಿಯನ್ನು ಖಾಯಂ ಆಗಿ ನೇಮಿಸತಕ್ಕದ್ದು, ಸೋರಿಕೆ ನಿಂತ ದಿನ ಸದರಿ ಹುದ್ದೆ ತಾನಾಗಿ ರದ್ದಾಗತಕ್ಕದ್ದು. ರಿಜಿಸ್ಟರಿನ ಹೊಣೆ ಹೊತ್ತ ಕಾರಣ ರೈಟರರಿಬ್ಬರೂ ಸೀನಿಯರ್ ರೈಟರುಗಳಾದರು. ಹೊಗೆಗೂಡಿನ ಅನುಭವವಿದ್ದ ಒಬ್ಬನೇ ಅರ್ಜಿದಾರನೆಂದು ಕೆಂಚಯ್ಯ ಮೇಸ್ತ್ರಿಯಾದ.

ಅವನು ತಗಡು ಕಿತ್ತು ಇಳಿದಾಗ ರುಕ್ಮಿಣಮ್ಮ ಕಾಫಿ ಕೊಟ್ಟು ಮೆಲ್ಲಗೆ ಹೇಳಿದರು, "ಕೆಂಚಯ್ಯ, ಯಾರೂ ಇಲ್ಲದಾಗ ಹತ್ತಿ ಒಂದು ಪಟ್ಟಿ ಹೊಡೆದುಬಿಡು ಮಾರಾಯ. ನಿನಗೆ ಗೊತ್ತಿರೋ ಕೆಲಸ."

ಕೆಂಚಯ್ಯ ಕಾಫಿ ಕುಡಿದು ಲೋಟ ಕೆಳಗಿಟ್ಟ. "ಗೊತ್ತು ಅಮ್ಮಾ. ಹಳೇ ಕೆಲಸದಲ್ಲಿ ವರ್ಷಕ್ಕೆ ಮೂರು ತಿಂಗಳು ಮನೇಲಿ ಒಲೆ ಹತ್ತುತಿರ್ಲಿಲ್ಲ. ಈಗ ಹತ್ತುತ್ತೆ."

ರುಕ್ಮಿಣಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಮೂರನೆಯ ವರ್ಷ ಒಂದು ಅನಾಹುತ ಜರುಗಿತು. ಆರಿದ್ರಾ ಮಳೆ ಹನ್ನೊಂದು ದಿನ ಹೊಡೆದರೂ ಒಂದು ಹನಿ ಒಳಗೆ ಬೀಳಲಿಲ್ಲ. ಗೂಡಿನ ಸುತ್ತ ಪಾಚಿ ದಪ್ಪಗೆ ಬೆಳೆದು ಸಂದು ಮುಚ್ಚಿಕೊಂಡಿತ್ತು. ರಿಜಿಸ್ಟರಿನ ಪುಟಗಳು ಖಾಲಿ ಉಳಿದವು. ಸೋರದಿರುವುದಕ್ಕೆ ಕಾರಣವೇನೆಂದು ಒಂದು ವಾರದೊಳಗೆ ಸಮಜಾಯಿಷಿ ಕೊಡಬೇಕೆಂದು ಎರಡೂ ಕಂಪನಿಗಳಿಂದ ನೋಟೀಸು ಬಂತು. ಸೀನಿಯರ್ ರೈಟರರಿಬ್ಬರಿಗೂ ಊಟ ಸೇರಲಿಲ್ಲ. ಕೆಂಚಯ್ಯ ಖಾಲಿ ಪಾತ್ರೆಗಳನ್ನು ದಿನಕ್ಕೆರಡು ಸಲ ತೊಳೆದಿಟ್ಟು ಸುಮ್ಮನೆ ಕೂರುತ್ತಿದ್ದ.

ಕೊನೆಗೆ ಒಂದು ಬೆಳಿಗ್ಗೆ ಓಂಕಾರಮೂರ್ತಿ ಏಣಿ ತಂದರು, ಬೆಳ್ಳಿಯಪ್ಪ ಅದನ್ನು ಹಿಡಿದುಕೊಂಡರು, ಕೆಂಚಯ್ಯ ಮಳೆಯಲ್ಲೇ ಮೇಲೆ ಹೋಗಿ ಕತ್ತಿಯಿಂದ ಪಾಚಿಯನ್ನೆಲ್ಲ ಕೆರೆದು ತೆಗೆದ. ನಡುಹಗಲಿನ ಹೊತ್ತಿಗೆ ಗೋಡೆ ಒದ್ದೆಯಾಯಿತು. ರುಕ್ಮಿಣಮ್ಮ ಹಾಸಿಗೆ ಸುತ್ತಿ ಪಕ್ಕಕ್ಕಿಟ್ಟು ಕಾದು ಕುಳಿತರು.

"ನಮ್ಮಲ್ಲಿ ಬಿತ್ತು," ಎಂದು ಗೋಡೆಯ ಆಚೆಯಿಂದ ಅಂಜನಮ್ಮ ಕೂಗಿ ಹೇಳಿದರು. "ನಿಮ್ಮಲ್ಲಿ?"

"ಈಗ ಬಿತ್ತು ಅತ್ತೆ," ಎಂದರು ರುಕ್ಮಿಣಮ್ಮ. "ದೇವರು ಕಣ್ಣುಬಿಟ್ಟ."